ಬೇಸಿಗೆ ಕಾಡಿಗೆ ಕಟ್ಟುವ ಗಂಟು, ಅದನ್ನ ಹೊತ್ತವರ ಕಥೆ

ಈ ಸಲ ಬೆಳೆ ವಿಷಯ ಅಲ್ಲ. ಸ್ವಲ್ಪ ಉದ್ದ ಇದೆ, ಮಧ್ಯಾಹ್ನ ನೆರಳಲ್ಲಿ ಕೂತಾಗ ಓದಿ.

ಕಳೆದ ಮೇ ತಿಂಗಳಲ್ಲಿ ಮಗಳು ಅಳಿಯ ನಮ್ಮನ್ನ ಭದ್ರಾ ಕಾಡಿನ ಸಫಾರಿಗೆ ಕರ್ಕೊಂಡು ಹೋದ್ರು. ಹೊಸದುರ್ಗದಿಂದ ಅಜ್ಜಂಪುರ, ತರೀಕೆರೆ ಮೇಲೆ ಲಕ್ಕವಳ್ಳಿ. ಹೋಗೋಕೆ ಎರಡು ದಿನ ಮುಂಚೆ ಮಗಳು ಫೋನಿಗೆ ಒಂದು ಪಟ್ಟಿ ಕಳಿಸಿದಳು. ಟೋಪಿ, ಮಣ್ಣಿನ ಬಣ್ಣದ ಬಟ್ಟೆ, ತಲಾ ಎರಡು ಲೀಟರ್ ನೀರು, ಓಆರ್‌ಎಸ್ ಪುಡಿ, ದುರ್ಬೀನು, ಟಾರ್ಚು, ಮುಖಕ್ಕೆ ಹಚ್ಚೋ ಕ್ರೀಮು, ಹೀಗೆ ಇಪ್ಪತ್ತು ಸಾಮಾನು. ನಾನು ನಗಾಡಿಕೊಂಡು ಅವ್ವನಿಗೆ ಓದಿ ಹೇಳಿದೆ. ಅವ್ವ ನಗಲಿಲ್ಲ. "ಇಂಥವೇ ಸಾಮಾನನ್ನ ನಿಮ್ಮ ತಾತ ತಲೆ ಮೇಲೆ ಹೊತ್ತಿದ್ದರು ಕಣಪ್ಪ. ಸಾಯೋ ಹಂಗಾಗಿತ್ತಂತೆ" ಅಂದಳು.

ಆ ಕಥೆ ಆಮೇಲೆ ಹೇಳ್ತೀನಿ. ಮೊದಲು, ಬೆಂಕಿಯಂಥ ಬಿಸಿಲಲ್ಲೇ ಜನ ಕಾಡಿಗೆ ಯಾಕೆ ಹೋಗ್ತಾರೆ ಅನ್ನೋದು ನೋಡೋಣ. ದನ ಕಾದವರಿಗೆ ಇದು ಗೊತ್ತಿರೋದೇ. ಏಪ್ರಿಲ್ ಮೇ ಹೊತ್ತಿಗೆ ಎಲೆ ಉದುರಿ ಹುಲ್ಲು ಒಣಗಿ ಕಾಡು ಬಯಲಾಗಿರುತ್ತೆ, ದೂರದ ತನಕ ಕಣ್ಣು ಹೋಗುತ್ತೆ. ಹಳ್ಳ ಬತ್ತಿ ನೀರು ಉಳಿಯೋದು ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ. ಜಿಂಕೆ, ಕಾಟಿ, ಹುಲಿ, ಯಾವುದೇ ಆದರೂ ಅಲ್ಲಿಗೆ ಬರಲೇಬೇಕು. ಹಿಂದೆ ಬಂದೂಕಿನವರು ಕಾಯ್ತಿದ್ದದ್ದೂ ಅಲ್ಲೇ, ಈಗ ಕ್ಯಾಮೆರಾದವರು ಕಾಯೋದೂ ಅಲ್ಲೇ.

ಬೇಸಿಗೆಯಲ್ಲಿ ನೀರು ನೆರಳು ಹುಡುಕಿಕೊಂಡು ಹೋಗೋದು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ದೊರೆ ಚಿಕ್ಕದೇವರಾಜ ಒಡೆಯರ ಕಾಲದ (1673–1704) ಬೆಣ್ಣೆ ಚಾವಡಿಯೇ ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆಯ್ತು. ಆ ದನಗಳಿಗೆ ಬಿಟ್ಟ ಕಾವಲುಗಳಲ್ಲಿ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆದು ಅಂತ ಮೂರು ಬಗೆ ಇತ್ತು. ನೀರು, ಮರದ ನೆರಳು ಇರೋ ಜಾಗ ಬೇಸಿಗೆ ಕಾವಲು. ದನದ ಹಿಂದೆ ತಿಂಗಳುಗಟ್ಟಲೆ ಹೋಗ್ತಿದ್ದವರ ಗಂಟು ಎಷ್ಟಿರುತ್ತಿತ್ತು? ನಾನು ಚಿಕ್ಕವನಿದ್ದಾಗ ನಮ್ಮೂರ ಕುರಿಯವರನ್ನ ಕಂಡಂತೆ ಹೇಳ್ತೀನಿ. ಹೆಗಲ ಮೇಲೆ ಒಂದು ಕಂಬಳಿ. ಬಿಸಿಲಿಗೆ ಅದೇ ನೆರಳು, ರಾತ್ರಿಗೆ ಹಾಸಿಗೆ, ಮಳೆ ಬಂದರೆ ಕೊಪ್ಪೆ. ಸೋರೆ ಬುರುಡೆಯಲ್ಲಿ ನೀರು. ಬುತ್ತಿ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ತಲೆಗೆ ರುಮಾಲು, ಕಾಲಿಗೆ ಎಕ್ಕಡ, ಕೈಯಲ್ಲಿ ಕೋಲು, ಸೊಂಟದಲ್ಲಿ ಒಂದು ಕುಡುಗೋಲು. ಅಷ್ಟನ್ನೂ ಅವನೇ ಹೊರಬೇಕು, ಅದಕ್ಕೇ ಬೇಡದ್ದು ಒಂದೂ ಇರುತ್ತಿರಲಿಲ್ಲ.

ಶಿಕಾರಿ ದೊರೆಗಳ ಗಂಟು ಬೇರೆ ಥರ. ಡೇರೆ, ಮಡಚೋ ಮಂಚ, ಕುರ್ಚಿ, ಸ್ನಾನದ ತೊಟ್ಟಿ, ಔಷಧಿ ಪೆಟ್ಟಿಗೆ, ತೋಟಾ ಪೆಟ್ಟಿಗೆ, ಬಾಟಲಿಗಳು. ತಲೆಗೆ ಬೆಂಡಿನ ಟೋಪಿ. ಬಂಗಾಳದ ಜೌಗಿನಲ್ಲಿ ಬೆಳೆಯೋ ಶೋಲಾ ಗಿಡದ ಬೆಂಡಿನಿಂದ ಮಾಡ್ತಿದ್ದದ್ದು ಅದು. ಬಿಸಿಲಿನ ಕಿರಣ ಬೆನ್ನುಹುರಿಗೆ ಇಳಿದು ಬಿಳಿಯರನ್ನ ಕೊಲ್ಲುತ್ತೆ ಅಂತ ನಂಬಿ ಬೆನ್ನಿಗೆ ಒಂದು ದಪ್ಪ ಬಟ್ಟೆಯ ಪಟ್ಟಿ, ಕಾಲರಾ ಬರದಿರಲಿ ಅಂತ ಹೊಟ್ಟೆಗೆ ಉಣ್ಣೆ ಪಟ್ಟಿ. ಟೋಪಿಯ ನೆರಳು ಒಳ್ಳೇದೇ. ಆದರೆ ಮೇ ತಿಂಗಳಲ್ಲಿ ಹೊಟ್ಟೆಗೆ ಉಣ್ಣೆ ಸುತ್ತಿಕೊಂಡರೆ ಸೆಕೆ ಹೆಚ್ಚೋದು ಬಿಟ್ಟರೆ ಇನ್ನೇನೂ ಆಗಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅವರೇ ಇವನ್ನೆಲ್ಲ ಬಿಟ್ಟರು.

ಅವರ ಗಂಟಿನಲ್ಲಿ ಬುದ್ಧಿವಂತಿಕೆಯ ಸಾಮಾನು ಎರಡಿದ್ದವು. ಒಂದು ಖಾಕಿ. ಖಾಕ್ ಅಂದರೆ ಪಾರ್ಸಿಯಲ್ಲಿ ಧೂಳು, ಮಣ್ಣು. 1840ರ ದಶಕದಲ್ಲಿ ಪೇಶಾವರದ ಕಡೆ ಲಮ್ಸ್‌ಡೆನ್ ಅನ್ನೋ ಅಧಿಕಾರಿ ತನ್ನ ಪಡೆಗೆ ಈ ಬಣ್ಣ ಹಾಕಿಸಿದ. 1850ರ ದಶಕದಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಶಾಲೆಯಲ್ಲಿ ಹಾಲರ್ ಅನ್ನೋರು ಖಾಕಿ ಬಣ್ಣದ ಬಟ್ಟೆ ಮಾಡಿದರು ಅಂತ ಹೇಳ್ತಾರೆ. ಸಫಾರಿಗೆ ಮಣ್ಣಿನ ಬಣ್ಣ ಹಾಕಿ ಅನ್ನೋದರಲ್ಲಿ ಅರ್ಥ ಇದೆ. ಜಿಂಕೆ ಕಣ್ಣಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ. ಬಿಳಿ ಅಂಗಿ, ನೀಲಿ ಅಂಗಿ ಕಾಡಲ್ಲಿ ಎದ್ದು ಕಾಣ್ತವೆ.

ಎರಡನೇದು ಕ್ಯಾನ್ವಾಸ್ ನೀರಿನ ಚೀಲ. ಹಿಂದೆ ಲಾರಿಗಳ ಮುಂದೆ ನೇತು ಹಾಕ್ತಿದ್ರಲ್ಲ, ಅದೇ. ನೀರು ಬಟ್ಟೆಯಲ್ಲಿ ಜಿನುಗಿ ಗಾಳಿಗೆ ಆರುವಾಗ ಒಳಗಿನ ಬಿಸಿ ಎಳಕೊಂಡು ಹೋಗುತ್ತೆ, ನೀರು ತಣ್ಣಗಾಗುತ್ತೆ. ಮಣ್ಣಿನ ಗಡಿಗೆಯ ಲೆಕ್ಕವೇ. ನಮ್ಮ ಮೈ ಬೆವರೋದೂ ಅದೇ ಲೆಕ್ಕ.

ಈಗ ತಾತನ ಕಥೆ. ದೊರೆಗಳ ಕ್ಯಾಂಪು ಬಂದರೆ ಊರಿನವರು ಹಾಲು, ಕೋಳಿ, ಸೌದೆ, ಹುಲ್ಲು ಸರಬರಾಯಿ ಮಾಡಬೇಕಿತ್ತು, ಹೊರೋಕೆ ಆಳು ಕೊಡಬೇಕಿತ್ತು. ಸೋವಿಗೂ ನಮ್ಮವರೇ, ಅಂದರೆ ಗಲಾಟೆ ಮಾಡಿ ಪ್ರಾಣಿಯನ್ನ ಬಂದೂಕಿನ ಕಡೆ ಓಡಿಸೋಕೆ. 1930ರ ದಶಕ ಇರಬೇಕು, ತಾತನಿಗೆ ಇನ್ನೂ ಮದುವೆಯಾದ ಹೊಸತು. ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆ ಗುಡ್ಡಕ್ಕೆ ಒಬ್ಬ ದೊರೆ ಶಿಕಾರಿಗೆ ಬಂದಿದ್ದ. ಹೆಸರು ಅಜ್ಜಿಗೂ ಗೊತ್ತಿರಲಿಲ್ಲ. ತಾತನ ಪಾಲಿಗೆ ಬಂದದ್ದು ನೀರಿನ ಚೀಲ. ಬೆನ್ನಿಗೆ ತಣ್ಣಗೆ ತಾಗ್ತಾ ಇದ್ದ ನೀರು. ಅದಕ್ಕೆ ಬಾಯಿ ಹಾಕಂಗಿಲ್ಲ, ಅದು ದೊರೆಯದ್ದು. ತಮ್ಮ ಬುರುಡೆ ನೀರು ಹತ್ತು ಗಂಟೆಗೇ ಮುಗಿದಿತ್ತು. ಮಟ ಮಟ ಮಧ್ಯಾಹ್ನ ತಾತ ಏನೇನೋ ಬಡಬಡಿಸೋಕೆ ಶುರು ಮಾಡಿದರಂತೆ, ಬೆವರು ನಿಂತು ಮೈ ಕಾದ ಹಂಚಾಗಿತ್ತಂತೆ. ಬಿದ್ದರು. ನೀರಿನ ಚೀಲ ಹೊತ್ತವನು ನೀರಿಲ್ಲದೆ ಬಿದ್ದ. ಜೊತೆಗಿದ್ದವರು ಯಾರ ಅಪ್ಪಣೆಯೂ ಕೇಳದೆ ಆ ಚೀಲ ಬಿಚ್ಚಿ ತಲೆ ಮೇಲೆ ಸುರಿದರು, ಅದಕ್ಕೇ ಬದುಕಿದರು. ಆಮೇಲೆ ಸಾಯೋ ತನಕ ಬಿಸಿಲು ತಡೀತಿರಲಿಲ್ಲ ಅವರಿಗೆ. ಬೇಸಿಗೆ ಉಳುಮೆ ಎಲ್ಲ ಅಜ್ಜಿಯೇ ನಿಂತು ಮಾಡಿಸಿದ್ದು.

ಆಫ್ರಿಕಾದಲ್ಲೂ ಇದೇ ಕಥೆ. ಸಫಾರಿ ಅನ್ನೋದು ಅಲ್ಲಿನ ಸ್ವಾಹಿಲಿ ಮಾತು, ಪ್ರಯಾಣ ಅಂತ ಅರ್ಥ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ ಅಲ್ಲಿಗೆ ಬೇಟೆಗೆ ಹೋದಾಗ ಹಿಂದೆ 200ಕ್ಕೂ ಹೆಚ್ಚು ಹೊರೆಯಾಳುಗಳಿದ್ದರು. ಫೋಟೋದಲ್ಲಿ ಟೋಪಿ ಹಾಕಿದವನ ಹೆಸರು ಇರುತ್ತೆ, ಹೊತ್ತವರ ಹೆಸರು ಇರಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿ ನಿಂತಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದು. ಭದ್ರಾ 1998ರಲ್ಲಿ ಹುಲಿ ಮೀಸಲು ಆಯ್ತು. ಹಿಂದೆ ಹೊತ್ತವರ ಮೊಮ್ಮಕ್ಕಳಾದ ನಾವು ಈಗ ದುಡ್ಡು ಕೊಟ್ಟು ಜೀಪಲ್ಲಿ ಕೂರ್ತೀವಿ. ನಮ್ಮ ಚೀಲ ನಾವೇ ಹೊರ್ತೀವಿ, ಒಳ್ಳೇದೇ ಆಯ್ತು.

ಆದರೆ ಅವತ್ತು ದಾರಿಯಲ್ಲಿ ಬೆಂಕಿ ಕಾಯೋ ಇಬ್ಬರು ಹುಡುಗರು ಸಿಕ್ಕಿದರು. ದಿನಗೂಲಿಯವರು, ಬೆಂಕಿ ಹಬ್ಬದಿರಲಿ ಅಂತ ತರಗೆಲೆ ಗುಡಿಸ್ತಿದ್ರು. ಇಬ್ಬರಿಗೂ ಸೇರಿ ಒಂದೇ ಬಾಟಲಿ, ಅದೂ ತಳ ಕಂಡಿತ್ತು. ನಮ್ಮ ಜೀಪಲ್ಲಿ ಹನ್ನೆರಡು ಲೀಟರ್ ಇತ್ತು. ಮಗಳು ಕೇಳೋಕೆ ಮುಂಚೆಯೇ ನಾಲ್ಕು ಬಾಟಲಿ ಇಳಿಸಿ ಕೊಟ್ಟಳು. ಹುಲಿ ಕಾಣಲಿಲ್ಲ, ಕಾಟಿ ಹಿಂಡು ಕಂಡಿತು. ನನಗೆ ನೆನಪಲ್ಲಿ ಉಳಿದಿದ್ದು ಆ ಬಾಟಲಿ.

ಹೋಗೋರಿಗೆ ನನ್ನ ಪಟ್ಟಿ ಇಷ್ಟು. ಅಗಲ ಟೋಪಿ ಇಲ್ಲವೇ ಹತ್ತಿ ಟವೆಲ್ಲು. ಮಣ್ಣಿನ ಬಣ್ಣದ, ತುಂಬು ತೋಳಿನ ಸಡಿಲ ಹತ್ತಿ ಬಟ್ಟೆ. ತಲಾ ಎರಡು ಲೀಟರ್ ನೀರು, ಒದ್ದೆ ಬಟ್ಟೆ ಸುತ್ತಿ ಇಟ್ಟರೆ ತಣ್ಣಗಿರುತ್ತೆ. ಓಆರ್‌ಎಸ್, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ. ಕಾಲು ಮುಚ್ಚೋ ಚಪ್ಪಲಿ. ಹೊರಗೆ ಕಸ ಎಸೀದೆ ವಾಪಸ್ ತರೋಕೆ ಒಂದು ಖಾಲಿ ಚೀಲ. ಜೊತೆಗೆ ಡ್ರೈವರ್‌ಗೆ, ಕಾವಲು ಹುಡುಗರಿಗೆ ಅಂತ ಎರಡು ಬಾಟಲಿ ಜಾಸ್ತಿ.

ಯಾರಾದರೂ ಬಿಸಿಲಲ್ಲಿ ತಪ್ಪು ತಪ್ಪಾಗಿ ಮಾತಾಡಿದರೆ, ಮೈ ಸುಡ್ತಾ ಇದ್ದರೆ, ತಮಾಷೆ ಅಂದ್ಕೋಬೇಡಿ. ನೆರಳಿಗೆ ತನ್ನಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.

ಇದು ಕಾಡಿಗೆ ಮಾತ್ರ ಅಲ್ಲ. ಮುಂದಿನ ತಿಂಗಳು ನಮ್ಮ ಹೊಲಗಳಲ್ಲಿ ಈರುಳ್ಳಿ ಕೀಳೋಕೆ, ಅಡಿಕೆ ತೋಟದ ಗುಂಡಿ ತೆಗೆಯೋಕೆ ಆಳು ಬರ್ತಾರೆ. ನಮ್ಮ ಬದುವಿನ ಮೇಲೆ ಅವರಿಗೂ ಒಂದು ಕೊಡ ನೀರು ಇದೆಯಾ ಅಂತ ನೋಡಿಕೊಳ್ಳೋಣ. ನಾನು ಈ ವರ್ಷ ಎರಡು ಕೊಡ ಇಟ್ಟಿದ್ದೀನಿ.