ಉಸಿರು ಸ್ವರವಾಗುವ ಲೆಕ್ಕ

ಉಸಿರು ಮಾತಾಗುವ ಬಗೆಯನ್ನು ವಿವರಿಸುವ ಪ್ರಯತ್ನ ಕನ್ನಡದಲ್ಲಿ ಹದಿಮೂರನೆಯ ಶತಮಾನದಷ್ಟು ಹಳೆಯದು. ಹೊಯ್ಸಳರ ಕಾಲದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ, ಜೀವದ ಇಚ್ಛೆ ಮತ್ತು ಅನುಕೂಲವಾದ ಗಾಳಿ ಸೇರಿ ಹೊಕ್ಕುಳ ಬುಡದಲ್ಲಿ ಕಹಳೆಯ ಹಾಗೆ ಶಬ್ದವನ್ನು ಹುಟ್ಟಿಸುತ್ತವೆ ಎಂದ. ಅವನಿಗಿಂತ ಬಹಳ ಹಿಂದಿನ, ವೇದಗಳ ಉಚ್ಚಾರಣೆಯನ್ನು ವಿವರಿಸುವ ಪ್ರಾತಿಶಾಖ್ಯಗಳು ಗಂಟಲಿಗೆ ಇನ್ನೂ ಹತ್ತಿರ ಹೋಗಿದ್ದವು: ಕಂಠ ಮುಚ್ಚಿದಾಗ ನಾದ, ತೆರೆದಾಗ ಬರಿಯ ಶ್ವಾಸ. ಗ-ಕ, ದ-ತ ಅಕ್ಷರಗಳ ನಡುವಿನ ಅಂತರ ನಿಂತಿರುವುದು ಇದರ ಮೇಲೆಯೇ. ಕಣ್ಣಿಗೆ ಕಾಣದ ಅಂಗವೊಂದರ ಕೆಲಸವನ್ನು ಕಿವಿ ಮತ್ತು ಸ್ಪರ್ಶದಿಂದಲೇ ಇಷ್ಟರಮಟ್ಟಿಗೆ ಹಿಡಿದದ್ದು ಸಣ್ಣ ಸಾಧನೆಯಲ್ಲ.

ಆ ಅಂಗ ಕಣ್ಣಿಗೆ ಬಿದ್ದದ್ದು 1854ರಲ್ಲಿ. ಸ್ಪೇನ್ ಮೂಲದ ಸಂಗೀತ ಶಿಕ್ಷಕ ಮಾನ್ವೆಲ್ ಗಾರ್ಸಿಯಾ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು ತನ್ನದೇ ಸ್ವರತಂತುಗಳು ಅದುರುವುದನ್ನು ಕಂಡ. ಅವು ಯಾಕೆ ಅದುರುತ್ತವೆ ಎಂಬ ಜಗಳ ಮಾತ್ರ ಇನ್ನೂ ನೂರು ವರ್ಷ ನಡೆಯಿತು. 1950ರಲ್ಲಿ ಫ್ರಾನ್ಸಿನ ರಾವುಲ್ ಹ್ಯೂಸಾನ್ ಪ್ರತಿ ಕಂಪನಕ್ಕೂ ಮಿದುಳಿನಿಂದ ಒಂದೊಂದು ಸಂದೇಶ ಬರುತ್ತದೆಂದು ವಾದಿಸಿದ. 1958ರಲ್ಲಿ ನೆದರ್‌ಲ್ಯಾಂಡ್ಸ್‌ನ ಯಾನ್ವಿಲ್ಲೆಮ್ ವಾನ್ ಡೆನ್ ಬರ್ಗ್ ಆ ವಾದವನ್ನು ಬದಿಗೆ ಸರಿಸಿದ. ನರಗಳು ತಂತುಗಳನ್ನು ಹತ್ತಿರ ತಂದು ಬಿಗಿ ಮಾಡುತ್ತವೆ, ಅಷ್ಟೆ. ಮುಂದಿನ ಅದುರುವಿಕೆಯನ್ನು ಗಾಳಿಯ ಒತ್ತಡ ಮತ್ತು ಮಾಂಸದ ಸ್ಥಿತಿಸ್ಥಾಪಕತೆ ನೋಡಿಕೊಳ್ಳುತ್ತವೆ.

ಹೀಗೆ ಪ್ರಶ್ನೆ ಲೆಕ್ಕಕ್ಕೆ ಸಿಗುವ ರೂಪ ಪಡೆಯಿತು. ಸಾಮಾನ್ಯ ಮಾತಿನಲ್ಲಿ ಶ್ವಾಸನಾಳದ ಒತ್ತಡ ಸುಮಾರು 5ರಿಂದ 10 ಸೆಂಟಿಮೀಟರ್ ನೀರಿನಷ್ಟು. ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ನೂರು-ನೂರಿಪ್ಪತ್ತು ಸಲ, ಹೆಂಗಸರಲ್ಲಿ ಇನ್ನೂರರ ಆಸುಪಾಸು ಅದುರುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆಂಜೊ ಇಶಿಜಾಕಾ ಮತ್ತು ಜೇಮ್ಸ್ ಫ್ಲಾನಗನ್ 1972ರಲ್ಲಿ ಪ್ರತಿ ತಂತುವನ್ನೂ ಸ್ಪ್ರಿಂಗಿಗೆ ಕಟ್ಟಿದ ಎರಡು ತೂಕಗಳೆಂದು ಭಾವಿಸಿ ಕಂಪ್ಯೂಟರಿನಲ್ಲಿ ನಡೆಸಿದರು. ಒಂದೇ ತೂಕ ಸಾಲದಿರುವುದಕ್ಕೆ ಕಾರಣವಿದೆ. ತಂತುವಿನ ಕೆಳ ಅಂಚು ಮೊದಲು ತೆರೆಯುತ್ತದೆ, ಮೊದಲು ಮುಚ್ಚುತ್ತದೆ. ಮೇಲಂಚು ಅದನ್ನು ಹಿಂಬಾಲಿಸುತ್ತದೆ. ಇದರಿಂದ ತೆರೆಯುವಾಗ ದಾರಿ ಮೇಲಕ್ಕೆ ಕಿರಿದಾಗಿ ಒತ್ತಡ ಹೆಚ್ಚಿರುತ್ತದೆ, ಮುಚ್ಚುವಾಗ ಅಗಲವಾಗಿ ಒತ್ತಡ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಗಾಳಿ ತಂತುವಿಗೆ ಸ್ವಲ್ಪ ಶಕ್ತಿ ಕೊಟ್ಟೇ ಹೋಗುತ್ತದೆ. ಅದುರುವಿಕೆ ಸಾಯದೆ ಉಳಿಯುವುದು ಆ ಶಕ್ತಿಯಿಂದ.

ಕರ್ನಾಟಕದ ಪಾಲು ಬರುವುದು ಇಲ್ಲಿಂದ ಮುಂದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ಅನಂತಪದ್ಮನಾಭ ಮತ್ತು ಬಿ. ಯಜ್ಞನಾರಾಯಣ 1979ರಲ್ಲಿ, ಧ್ವನಿಮುದ್ರಿಕೆಯೊಂದರಿಂದಲೇ ತಂತುಗಳು ಮುಚ್ಚಿಕೊಳ್ಳುವ ಕ್ಷಣವನ್ನು ಹುಡುಕುವ ವಿಧಾನವನ್ನು ಪ್ರಕಟಿಸಿದರು. ಸ್ವರಕ್ಕೆ ಮುಖ್ಯ ಪ್ರಚೋದನೆ ಸಿಗುವುದು ಗಾಳಿ ಹೊರಬರುವಾಗ ಅಲ್ಲ, ಅದು ತಟ್ಟನೆ ನಿಲ್ಲುವಾಗ. ಮುಂದೆ ಸ್ವೀಡನ್ನಿನ ಗುನ್ನಾರ್ ಫಾಂಟ್ ಜೊತೆ ಸೇರಿ ಅನಂತಪದ್ಮನಾಭ 1982ರಲ್ಲಿ ನಿಜವಾದ ಗಾಳಿಹರಿವನ್ನು ಲೆಕ್ಕ ಹಾಕಿದರು. ಗಂಟಲು-ಬಾಯಿಯ ಗಾಳಿಗಂಬಕ್ಕೆ ಜಡತ್ವವಿರುವುದರಿಂದ ಹರಿವು ನಿಧಾನವಾಗಿ ಏರಿ ಕಡಿದಾಗಿ ಇಳಿಯುತ್ತದೆ. ಜೊತೆಗೆ ಸ್ವರದ ಅನುರಣನೆ ಆ ಹರಿವಿನ ಮೇಲೆಯೇ ಸಣ್ಣ ಅಲೆಗಳನ್ನು ಮೂಡಿಸುತ್ತದೆ. ಸ್ವರ ಹುಟ್ಟುವ ಜಾಗಕ್ಕೂ ಅದು ಹಾಯುವ ದಾರಿಗೂ ಸಂಬಂಧವಿಲ್ಲ ಎಂಬ ಸರಳ ನಂಬಿಕೆ ಇದರಿಂದ ಸಡಿಲವಾಯಿತು. ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ಎ.ಪಿ. ಪ್ರಥೋಷ್, ಅನಂತಪದ್ಮನಾಭ ಮತ್ತು ಎ.ಜಿ. ರಾಮಕೃಷ್ಣನ್ 2013ರಲ್ಲಿ ಮುಚ್ಚುವ ಕ್ಷಣದ ಹುಡುಕಾಟಕ್ಕೆ ಹೊಸ ವಿಧಾನ ಕೊಟ್ಟರು.

ಹರಿವು ತಟ್ಟನೆ ನಿಲ್ಲುವುದರ ಮಹತ್ವ ದಾವಣಗೆರೆಯವರಿಗೆ ಬೇಗ ತಿಳಿಯುತ್ತದೆ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಅದು. ಮೈಕು ಬರುವ ಮೊದಲು ಕಂಪನಿ ನಾಟಕದ ನಟರು ತಂಬುವಿನ ಕೊನೆಯ ಸಾಲಿಗೂ ಮಾತು, ಹಾಡು ಎರಡನ್ನೂ ಮುಟ್ಟಿಸಬೇಕಿತ್ತು. ಹೆಚ್ಚು ಗಾಳಿ ಬಿಟ್ಟರೆ ದನಿ ದೊಡ್ಡದಾಗುವುದಿಲ್ಲ, ಉಸಿರೇ ಸೋರುತ್ತದೆ. ತಂತುಗಳು ಚೆನ್ನಾಗಿ ಕೂಡಿ, ಒತ್ತಡ ಏರಿ, ಹರಿವು ಕಡಿದಾಗಿ ನಿಂತಾಗ ಮೇಲಿನ ಸ್ವರಾಂಶಗಳು ಬಲಗೊಂಡು ದನಿ ದೂರ ಸಾಗುತ್ತದೆ. ಪೇಟಿಯ ಏರುಶ್ರುತಿಗೆ ರಾತ್ರಿಯಿಡೀ ಹಾಡಿದ ಆ ಕಲಾವಿದರು ಅಭ್ಯಾಸದಿಂದ ಕಲಿತದ್ದನ್ನೇ ಸಮೀಕರಣ ಆಮೇಲೆ ಹೇಳಿತು. ಆದರೆ ಬಲವಾಗಿ ಮುಚ್ಚಿದಷ್ಟೂ ತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುತ್ತವೆ. ಹಾಡುಗಾರರಿಗೂ ಶಾಲಾ ಶಿಕ್ಷಕರಿಗೂ ತಂತುಗಳ ಮೇಲೆ ಗಂಟು ಬರುವುದು ಹೀಗೆ. ಇಂಥವರ ಪರೀಕ್ಷೆ, ಚಿಕಿತ್ಸೆ ಮತ್ತು ಸಂಶೋಧನೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 1960ರ ದಶಕದಿಂದ ನಡೆದುಬಂದಿದೆ.

ಈಗಿನ ಕಂಪ್ಯೂಟರ್ ಅನುಕರಣೆಗಳಲ್ಲಿ ತೂಕ-ಸ್ಪ್ರಿಂಗುಗಳ ಬದಲು ಪದರಪದರವಾದ ಮಾಂಸವೇ ಇರುತ್ತದೆ, ಗಾಳಿಗೆ ದ್ರವ-ಅನಿಲಗಳ ಹರಿವನ್ನು ವಿವರಿಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳು. ಕಳೆದ ಎರಡು ದಶಕಗಳಲ್ಲಿ ಅಮೆರಿಕದಲ್ಲಿ ರಜತ್ ಮಿತ್ತಲ್ ಮತ್ತು ಸಂಗಡಿಗರು ಮಾಡಿದ ಲೆಕ್ಕಗಳಲ್ಲಿ, ತಂತುಗಳ ನಡುವಿನಿಂದ ಚಿಮ್ಮುವ ಗಾಳಿ ನೇರ ಹೋಗದೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುವುದು, ಸುಳಿಗಳಾಗಿ ಒಡೆಯುವುದು ಕಂಡಿತು. ಮೇಲಿರುವ ಹುಸಿ ತಂತುಗಳು ಆ ವಾಲುವಿಕೆಯನ್ನು ತಗ್ಗಿಸುತ್ತವೆ ಎಂಬುದೂ ತಿಳಿಯಿತು. ಒಂದು ತಂತು ಪಾರ್ಶ್ವವಾಯುವಿಗೆ ಸಿಕ್ಕವರಿಗೆ ಅದನ್ನು ಮಧ್ಯಕ್ಕೆ ತಳ್ಳಲು ಕತ್ತಿನಲ್ಲಿ ಪುಟ್ಟ ತುಂಡೊಂದನ್ನು ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಆ ತುಂಡಿನ ಆಕಾರ, ಜಾಗ ಎರಡನ್ನೂ ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು ಈ ಕೆಲಸದ ಗುರಿಗಳಲ್ಲೊಂದು. ಸೆಕೆಂಡಿನ ಸಣ್ಣ ಭಾಗದ ಸ್ವರಕ್ಕೂ ದೊಡ್ಡ ಯಂತ್ರಗಳ ಬಹುಹೊತ್ತಿನ ದುಡಿಮೆ ಬೇಕಾಗುವುದರಿಂದ, ಪ್ರತಿ ರೋಗಿಗೂ ಹೀಗೆ ಲೆಕ್ಕ ಹಾಕುವುದು ಇನ್ನೂ ಆಸ್ಪತ್ರೆಯ ದಿನನಿತ್ಯದ ರೂಢಿಯಾಗಿಲ್ಲ.