ಬೆಳ್ಳಿಯ ಫಲಕದಲ್ಲಿ ಇಸ್ತಾಂಬುಲ್

1839ರಲ್ಲಿ ದಾಗೇರ್ ಮಹಾಶಯನ ಛಾಯಾಗ್ರಹಣ ವಿಧಾನವು ಲೋಕವಿದಿತವಾದ ಮೂರೇ ವರ್ಷಗಳಲ್ಲಿ, ವಾಸ್ತುಶಿಲ್ಪದ ವ್ಯಾಸಂಗವನ್ನು ವ್ರತದಂತೆ ಕೈಕೊಂಡಿದ್ದ ಜಿರೋ ದ ಪ್ರಾಂಜೆ ಎಂಬ ಫ್ರೆಂಚ್ ವಿದ್ವಾಂಸನು ಪೂರ್ವದೇಶಗಳ ಯಾತ್ರೆಗೆ ಹೊರಟು, 1843ರಲ್ಲಿ ಇಸ್ತಾಂಬುಲ್ ನಗರವನ್ನು ಸೇರಿದನು. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಥಳಥಳಿಸುವಂತೆ ಉಜ್ಜಿ, ಅಯೋಡಿನ್ ಆವಿಗೆ ಹಿಡಿದು, ಕ್ಯಾಮರಾದಲ್ಲಿ ಬೆಳಕಿಗೊಡ್ಡಿ, ಪಾದರಸದ ಹಬೆಯಲ್ಲಿ ಬಿಂಬವನ್ನು ಮೂಡಿಸುವ ಆ ಶ್ರಮಸಾಧ್ಯ ಕ್ರಮದಲ್ಲಿ, ಮಿನಾರುಗಳ ಔನ್ನತ್ಯಕ್ಕೆ ಅನುಗುಣವಾದ ನೀಳ ಫಲಕಗಳನ್ನೂ ಅವನು ಬಳಸಿದನು.

ಆದರೆ ಆ ಫಲಕಗಳಿಂದ ನೇರವಾಗಿ ಪ್ರತಿ ತೆಗೆಯಲು ಬಾರದಾದ್ದರಿಂದ ಅವುಗಳನ್ನು ಕಂಡವರು ವಿರಳ. ಕಾಗದದ ಮೇಲೆ ಬೇಕಾದಷ್ಟು ಪ್ರತಿಗಳನ್ನು ಅಚ್ಚಿಳಿಸುವ ಪದ್ಧತಿ ರೂಢಿಗೆ ಬಂದ ಬಳಿಕ, ಸುಲ್ತಾನನ ಟಂಕಸಾಲೆಯಲ್ಲಿ ಕೆತ್ತನೆಗಾರನಾಗಿದ್ದ ಜೇಮ್ಸ್ ರಾಬರ್ಟ್‌ಸನ್ 1853ರಲ್ಲಿ ಆ ನಗರದ ದೃಶ್ಯಸಂಪುಟವನ್ನು ಪ್ರಕಟಿಸಲು, ಅಲ್ಲಿಯ ಮಸೀದಿಗಳೂ ಕಾರಂಜಿಮಂಟಪಗಳೂ ದೂರದೇಶದ ಓದುಗರಿಗೆ ಪರಿಚಿತವಾದವು. ಅವನ ಸಹೋದ್ಯೋಗಿ ಫೆಲಿಚೆ ಬಿಯಾಟೊ 1858ರಲ್ಲಿ ಅದೇ ವಿದ್ಯೆಯೊಡನೆ ಭಾರತಕ್ಕೂ ಬಂದನು.