ಮುಂಬಯಿಯಲ್ಲಿ ಮೊಳೆತು ಕನ್ನಡ ನಾಡಿನಲ್ಲಿ ಬೆಳೆದ ಒಂದು ವಿದ್ಯೆ

ರಾಜ್ಯೋತ್ಸವದ ಸಂಚಿಕೆಗೆ ಲೇಖನ ಬರೆಯುವವರು ಸಾಮಾನ್ಯವಾಗಿ ಬಾದಾಮಿಯ ಚಾಳುಕ್ಯರನ್ನೋ ವಿಜಯನಗರದ ಅರಸರನ್ನೋ ನೆನೆಯುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ರಾಜ್ಯಗಳಿಗೆ ಇತಿಹಾಸವಿರುವಂತೆ ವಿದ್ಯೆಗಳಿಗೂ ಇತಿಹಾಸವಿದೆ. ಒಂದು ವಿದ್ಯೆ ಯಾವ ಊರಿನಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಯಾವ ನೆಲದಲ್ಲಿ ಬೇರೂರಿತು ಎಂಬುದನ್ನು ಅರಿಯುವುದು ಅರಸರ ವಂಶಾವಳಿಯನ್ನು ಅರಿಯುವುದಕ್ಕಿಂತ ಕಡಿಮೆಯ ಕೆಲಸವಲ್ಲ. ಮುಂಬಯಿಗೂ ಬೆಂಗಳೂರಿಗೂ ನಂಟು ಕಟ್ಟಿದ ಅಂಥದೊಂದು ವಿದ್ಯೆಯ ಕಥೆಯನ್ನು ವಾಚಕರ ಮುಂದಿಡಲು ನಾವು ಇಲ್ಲಿ ಯತ್ನಿಸಿದ್ದೇವೆ. ನಾವು ವಾಣಿಜ್ಯಶಾಸ್ತ್ರ ಓದಿದವರು, ವಿಜ್ಞಾನಿಗಳಲ್ಲ. ಆದುದರಿಂದ ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿಯೇ ಹೇಳುತ್ತೇವೆ.

ಬೊರಿವಲಿಯಿಂದ ಚರ್ಚ್‌ಗೇಟ್ ಗಾಡಿ ಹಿಡಿದು, ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕೊಲಾಬಾದ ನೇವಿ ನಗರದವರೆಗೆ ಹೋದರೆ ಸಮುದ್ರದ ದಂಡೆಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಕಾಣುತ್ತದೆ. ಈ ಸಂಸ್ಥೆಯ ತೊಟ್ಟಿಲು ಕಟ್ಟಿದ್ದು ಮುಂಬಯಿಯಲ್ಲಲ್ಲ, ಬೆಂಗಳೂರಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಹೋಮಿ ಭಾಭಾ ಅವರು 1944ರಲ್ಲಿ ಟಾಟಾ ಧರ್ಮನಿಧಿಗೆ ಪತ್ರ ಬರೆದರು. 1945ರ ಜೂನ್‌ನಲ್ಲಿ ಸಂಸ್ಥೆಯ ಕೆಲಸ ಅಲ್ಲಿಯೇ ಆರಂಭವಾಗಿ, ಅದೇ ವರ್ಷ ಮುಂಬಯಿಯ ಪೆಡ್ಡರ್ ರಸ್ತೆಯ ಒಂದು ಬಂಗಲೆಗೆ ಬಂದಿತು. ಕೊಲಾಬಾದ ಈಗಿನ ಕಟ್ಟಡವನ್ನು ಪಂಡಿತ ನೆಹರೂ ಅವರು 1962ರ ಜನವರಿಯಲ್ಲಿ ಉದ್ಘಾಟಿಸಿದರು.

ಅದೇ 1962ರಲ್ಲಿ ಮೂವತ್ತು ವರ್ಷದ ಒಬ್ಬ ತರುಣ ವಿಜ್ಞಾನಿ ಈ ಸಂಸ್ಥೆಯನ್ನು ಸೇರಿದರು. ಅವರೇ ಪ್ರೊಫೆಸರ್ ಒಬೈದ್ ಸಿದ್ದಿಕಿ. ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಹುಟ್ಟಿ, ಅಲೀಗಢದಲ್ಲಿ ಓದಿ, ದಿಲ್ಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಗೋಧಿಯ ಮೇಲೆ ಪ್ರಯೋಗ ನಡೆಸುತ್ತಿದ್ದವರು ಅವರು. ಒಮ್ಮೆ ಆಲಿಕಲ್ಲಿನ ಮಳೆ ಬಿದ್ದು ಪ್ರಯೋಗದ ಬೆಳೆಯೆಲ್ಲ ನೆಲಕಚ್ಚಿತು. ಬೇರೆಯವರಾಗಿದ್ದರೆ ಹಣೆಬರಹವೆಂದು ಕೈಚೆಲ್ಲಿ ಕೂಡುತ್ತಿದ್ದರೇನೋ. ಸಿದ್ದಿಕಿಯವರು ಗ್ಲಾಸ್ಗೋಗೆ ಹೋಗಿ, ಪ್ರಸಿದ್ಧ ವಂಶಶಾಸ್ತ್ರಜ್ಞ ಪೊಂಟೆಕೋರ್ವೋ ಅವರ ಶಿಷ್ಯರಾಗಿ, ಗೋಧಿಯ ಬದಲು ಬೂಷ್ಟಿನ ವಂಶಗುಣಗಳನ್ನು ಅಭ್ಯಸಿಸಿ ಡಾಕ್ಟರೇಟ್ ಪಡೆದರು. ಮುಂದೆ ಅಮೇರಿಕೆಯಲ್ಲಿ ಅಲನ್ ಗ್ಯಾರೆನ್ ಅವರೊಡನೆ ಕೆಲಸ ಮಾಡಿದರು. ಜೀನು ಎಂಬುದು ಒಂದು ಬರಹವೆಂದುಕೊಂಡರೆ, ವಾಕ್ಯದ ನಡುವೆ ತಪ್ಪಾಗಿ ಪೂರ್ಣವಿರಾಮ ಬಿದ್ದಾಗ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ಅಂಥ ತಪ್ಪು ವಿರಾಮವನ್ನು ಜೀವಕೋಶ ಕೆಲವೊಮ್ಮೆ ದಾಟಿ ಓದಬಲ್ಲದು ಎಂಬುದನ್ನು ಇವರಿಬ್ಬರೂ 1962ರಲ್ಲಿ ತೋರಿಸಿಕೊಟ್ಟರು. ಜೀವದ ಲಿಪಿಯನ್ನು ಓದುವ ಯತ್ನ ಜಗತ್ತಿನಲ್ಲಿ ಭರದಿಂದ ನಡೆದಿದ್ದ ಕಾಲವದು.

ಭೌತಶಾಸ್ತ್ರಜ್ಞ ಲಿಯೋ ಜಿಲಾರ್ಡ್ ಅವರು ಈ ತರುಣನ ಹೆಸರನ್ನು ಭಾಭಾ ಅವರಿಗೆ ಸೂಚಿಸಿದರೆಂಬುದು ಪ್ರಸಿದ್ಧ. ಮೊದಲು ಯೋಗ್ಯ ವ್ಯಕ್ತಿಯನ್ನು ಹುಡುಕಿ, ಅವನ ಸುತ್ತ ಸಂಸ್ಥೆಯನ್ನು ಕಟ್ಟಬೇಕೆಂಬುದು ಭಾಭಾ ಅವರ ನೀತಿಯಾಗಿತ್ತು. ಪರಮಾಣುವನ್ನೂ ಗಣಿತವನ್ನೂ ಚಿಂತಿಸುತ್ತಿದ್ದ ಮನೆಯಲ್ಲಿ ಹೀಗೆ ಜೀವಶಾಸ್ತ್ರಕ್ಕೆ ಒಂದು ಕೋಣೆ ದೊರೆಯಿತು. 1966ರ ಜನವರಿಯಲ್ಲಿ ಭಾಭಾ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರೂ ಅವರು ಹಚ್ಚಿದ ದೀಪ ಆರಲಿಲ್ಲ.

ಇನ್ನು ಸಿದ್ದಿಕಿಯವರ ಮುಖ್ಯ ಕಾರ್ಯಕ್ಕೆ ಬರೋಣ. ನಲವತ್ತರ ಹೊಸ್ತಿಲಿನಲ್ಲಿ, ಹೆಸರು ತಂದ ವಿಷಯವನ್ನು ಬದಿಗಿಟ್ಟು ಅವರು ಮಿದುಳಿನ ಕಡೆ ತಿರುಗಿದರು. ಹಣ್ಣಿನ ಬುಟ್ಟಿಯ ಮೇಲೆ ಮುತ್ತುವ ಚಿಕ್ಕ ನೊಣವನ್ನು ನಾವೆಲ್ಲ ಕೈಬೀಸಿ ಓಡಿಸುತ್ತೇವೆ. ಈ ನೊಣಕ್ಕೆ ಸುಮಾರು ಹತ್ತು ದಿನಕ್ಕೊಂದು ತಲೆಮಾರು. ವರ್ಣತಂತುಗಳು ನಾಲ್ಕೇ ಜೊತೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ ಇದರಲ್ಲಿ ಸುಮಾರು 1,40,000 ಮಾತ್ರ. ಇಷ್ಟು ಅಲ್ಪ ಬಂಡವಾಳದಿಂದ ಅದು ಹಾರುತ್ತದೆ, ಮೂಸುತ್ತದೆ, ನಿದ್ರಿಸುತ್ತದೆ, ಕಲಿಯುತ್ತದೆ, ಜೊತೆಯನ್ನು ಹುಡುಕಿಕೊಳ್ಳುತ್ತದೆ. ಮನುಷ್ಯನಲ್ಲಿ ರೋಗಕ್ಕೆ ಕಾರಣವಾಗುವ ಜೀನುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ನೊಣದಲ್ಲಿ ಸರಿಜೋಡಿ ಇದೆಯೆಂದು ಈಗ ತಿಳಿದಿದೆ. ಒಂದೊಂದು ಜೀನನ್ನು ಕೆಡಿಸಿ, ನೊಣದ ನಡತೆಯಲ್ಲಿ ಏನು ಕೆಡುತ್ತದೆಂದು ನೋಡಿದರೆ ಮಿದುಳಿನ ಕಟ್ಟೋಣ ತಿಳಿದೀತು ಎಂದು ಅಮೇರಿಕೆಯ ಸೀಮೋರ್ ಬೆಂಝರ್ ಅವರು 1960ರ ದಶಕದಲ್ಲಿ ಯೋಚಿಸಿದರು. ನರವಂಶಶಾಸ್ತ್ರವೆಂಬ ವಿದ್ಯೆ ಬೆಳೆದದ್ದು ಹೀಗೆ. ಕ್ಯಾಲಿಫೋರ್ನಿಯದಲ್ಲಿದ್ದ ಬೆಂಝರ್ ಅವರೊಡನೆ ಸಿದ್ದಿಕಿಯವರು ಕೈಜೋಡಿಸಿದರು.

ಅವರ ಪ್ರಯೋಗ ಕೇಳಲು ಸರಳ. ನೊಣಗಳನ್ನು ಗಾಜಿನ ನಳಿಗೆಯಲ್ಲಿಟ್ಟು ಕಾವು ಕೊಡುವುದು. ಸಾಧಾರಣ ನೊಣ ಎಂದಿನಂತೆ ಓಡಾಡುತ್ತದೆ. ಜೀನಿನಲ್ಲಿ ದೋಷವಿರುವ ನೊಣ ತಟ್ಟನೆ ಲಕ್ವ ಹೊಡೆದಂತೆ ಉರುಳುತ್ತದೆ. ತಂಪು ಮಾಡಿದರೆ ಮತ್ತೆ ಏಳುತ್ತದೆ. ‘ಪ್ಯಾರಾ’ ಎಂಬ ಇಂಥ ತಳಿಯನ್ನು ಕೆನಡಾದ ಡೇವಿಡ್ ಸುಜುಕಿ ಮತ್ತು ಸಂಗಡಿಗರು 1971ರಲ್ಲಿ ವರ್ಣಿಸಿದ್ದರು. ‘ಕೋಮಟೋಸ್’ ಎಂಬ ಇನ್ನೊಂದು ತಳಿ ಬಿದ್ದ ಮೇಲೆ ಬೇಗ ಏಳದೆ ಬಹಳ ಹೊತ್ತು ಮೂರ್ಛೆಯಲ್ಲಿರುತ್ತಿತ್ತು. 1976ರಲ್ಲಿ ಸಿದ್ದಿಕಿ ಮತ್ತು ಬೆಂಝರ್ ಅವರು ಇಂಥ ನೊಣಗಳ ನರಗಳಲ್ಲಿ ಹರಿಯುವ ವಿದ್ಯುತ್ ಸಂಜ್ಞೆಯನ್ನು ಅಳೆದು ದೋಷದ ನೆಲೆಯನ್ನು ಶೋಧಿಸಿದ ಪ್ರಬಂಧವನ್ನು ಪ್ರಕಟಿಸಿದರು. ಮುಂದೆ 1989ರಲ್ಲಿ ಪ್ಯಾರಾ ಜೀನು ಏನೆಂಬುದು ಬಯಲಾಯಿತು: ನರತಂತುವಿನಲ್ಲಿ ಸೋಡಿಯಂ ಕಣಗಳನ್ನು ಒಳಬಿಡುವ ಬಾಗಿಲಿನ ನಕ್ಷೆಯೇ ಅದು. ಬಾಗಿಲು ತೆರೆಯದಿದ್ದರೆ ಸಂಜ್ಞೆ ಮುಂದೆ ಸಾಗದು.

ನೊಣ ಮೂರ್ಛೆ ಹೋದರೆ ನಮಗೇನು ಎಂದು ಕೇಳುವವರುಂಟು. ಅವರಿಗೆ ಉತ್ತರ ಹೇಳುವುದು ಅವಶ್ಯ. ಕೆಲವು ಎಳೆಯ ಮಕ್ಕಳಿಗೆ ಜ್ವರ ಏರಿದೊಡನೆ ಅಪಸ್ಮಾರ ಬಂದು, ಅದು ಮರಳಿ ಮರಳಿ ಕಾಡಿ, ಮಗುವಿನ ಬೆಳವಣಿಗೆಯನ್ನೇ ಕುಂಠಿಸುವ ‘ಡ್ರಾವೆ’ ಎಂಬ ಘೋರ ರೋಗವೊಂದಿದೆ. ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಮಿದುಳಿನ ಇದೇ ಸೋಡಿಯಂ ಬಾಗಿಲಿನ ಒಂದು ಜೀನು ಕೆಟ್ಟಿರುತ್ತದೆಂದು 2001ರಲ್ಲಿ ತಿಳಿದುಬಂತು. ಅದೂ ಬಹುತೇಕ ತಂದೆತಾಯಿಗಳಿಂದ ಬಂದುದಲ್ಲ. ಮಗುವಿನಲ್ಲಿ ಹೊಸದಾಗಿ ಉಂಟಾದುದು. ಸೋಡಿಯಂ ಬಾಗಿಲನ್ನು ತಡೆಯುವ ಕೆಲವು ಔಷಧಗಳು ಬೇರೆ ಅಪಸ್ಮಾರ ರೋಗಿಗಳಿಗೆ ಹಿತವಾದರೂ ಈ ಮಕ್ಕಳಿಗೆ ಕೇಡು ಮಾಡಬಲ್ಲವು. ಕಾವಿಗೆ ಬಿದ್ದ ನೊಣಕ್ಕೂ ಜ್ವರಕ್ಕೆ ಬಿದ್ದ ಕೂಸಿಗೂ ಇರುವ ಈ ಸಂಬಂಧವನ್ನು ಕಂಡಮೇಲೆ, ನೊಣದ ಲೆಕ್ಕವನ್ನು ವ್ಯರ್ಥದ ಬಾಬತ್ತಿಗೆ ಬರೆಯುವುದು ಸರಿಯಾಗದು.

ನಮ್ಮ ಸಮಾಜದಲ್ಲಿ ಮೂರ್ಛೆರೋಗವನ್ನೂ ಚಿತ್ತವಿಕಾರವನ್ನೂ ಇಂದಿಗೂ ಮುಚ್ಚಿಡುತ್ತಾರೆ. ಮದುವೆಯ ಮಾತು ಬಂದಾಗ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತದೆ. ದೆವ್ವದ ಕಾಟವೆಂದು ತಾಯತ ಕಟ್ಟಿಸುವವರಿದ್ದಾರೆ. ಹೆತ್ತ ತಾಯಿಯ ಪಾಪವೆಂದು ಅವಳನ್ನೇ ಹಳಿಯುವವರೂ ಇದ್ದಾರೆ. 1955ರ ಹಿಂದೂ ವಿವಾಹ ಕಾಯದೆಯೇ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಎಣಿಸಿತ್ತು. ಆ ಮಾತನ್ನು ಕಾಯದೆಯಿಂದ ತೆಗೆದುಹಾಕಲು 1999ನೆಯ ಇಸವಿ ಬರಬೇಕಾಯಿತು. ಕಾಯದೆಯ ಪುಸ್ತಕದಿಂದ ಹೋದುದು ಮನಸ್ಸಿನಿಂದ ಇನ್ನೂ ಹೋಗಿಲ್ಲ. ತಾಯಿಯ ತಲೆಯ ಮೇಲಿನ ಈ ಸುಳ್ಳು ಅಪವಾದವನ್ನು ಇಳಿಸುವ ಬಲ ವಂಶಶಾಸ್ತ್ರಕ್ಕಿದೆ.

ಸಿದ್ದಿಕಿಯವರ ಇನ್ನೊಂದು ಸಾಧನೆ ಮೂಗಿನದು. ಕೆನ್ಯಾದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದಿ, ಸಂಶೋಧನೆಗಾಗಿ ಮುಂಬಯಿಗೆ ಬಂದ ವೆರೋನಿಕಾ ರಾಡ್ರಿಗಸ್ ಎಂಬ ವಿದ್ಯಾರ್ಥಿನಿಯೊಡನೆ ಅವರು ನೊಣದ ಘ್ರಾಣಶಕ್ತಿಯನ್ನು ಕೈಗೆತ್ತಿಕೊಂಡರು. ಕವಲೊಡೆದ ಗಾಜಿನ ನಳಿಗೆಯ ಒಂದು ಕವಲಿನಲ್ಲಿ ವಾಸನೆಯಿಟ್ಟು, ನೊಣ ಯಾವ ಕಡೆ ಹೋಗುತ್ತದೆಂದು ಎಣಿಸುತ್ತ ಕೂಡುವ ಕೆಲಸವದು. ಕೆಲವು ವಾಸನೆಗಳನ್ನು ಮಾತ್ರ ಅರಿಯದ ತಳಿಗಳು ದೊರೆತವು. 1978ರಲ್ಲಿ ಪ್ರಬಂಧ ಹೊರಬಂತು. ಸಸ್ತನಿಗಳಲ್ಲಿ ವಾಸನೆಯ ಜೀನುಗಳು ಅಮೇರಿಕೆಯಲ್ಲಿ ಪತ್ತೆಯಾದದ್ದು 1991ರಲ್ಲಿ. ಅದಕ್ಕೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ದಿಕ್ಕಿನ ಪ್ರಶ್ನೆಯನ್ನು ಕೊಲಾಬಾದಲ್ಲಿ ಹದಿಮೂರು ವರ್ಷ ಮೊದಲೇ ಕೇಳಲಾಗಿತ್ತೆಂಬುದು ಮುಂಬಯಿಕಾರರಾದ ನಮಗೆ ಅಭಿಮಾನದ ಸಂಗತಿ.

ಪದ್ಮಭೂಷಣ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಎರಡೂ ಸಿದ್ದಿಕಿಯವರಿಗೆ 1984ರಲ್ಲಿಯೇ ದೊರೆತಿದ್ದವು. ವಿಶ್ರಾಂತಿಯ ವಯಸ್ಸು ಸಮೀಪಿಸಿದಾಗ ಅವರು ಮತ್ತೊಮ್ಮೆ ಹೊಸದಾಗಿ ಆರಂಭಿಸಿದರು. ಜೀವಶಾಸ್ತ್ರಕ್ಕೆ ಪ್ರತ್ಯೇಕ ಕೇಂದ್ರವೊಂದು ಬೇಕೆಂಬ ಅವರ ಕನಸು 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕೈಗೂಡಿತು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೆಂಬ ಆ ಸಂಸ್ಥೆ, ಬೆಂಗಳೂರಿನವರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ವಿಜ್ಞಾನ ಮಂದಿರದ ಆವರಣದಲ್ಲಿ ಮೊದಲು ನೆಲೆನಿಂತು, ಅನಂತರ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ವಂತ ಮನೆ ಕಟ್ಟಿಕೊಂಡಿತು. 1945ರಲ್ಲಿ ಬೆಂಗಳೂರಿನಿಂದ ಮುಂಬಯಿಗೆ ಬಂದ ಬೀಜ ಹೀಗೆ ತವರಿಗೆ ಮರಳಿತು. ಸಿದ್ದಿಕಿಯವರ ಬಳಿಕ ನಿರ್ದೇಶಕರಾದ ಪ್ರೊಫೆಸರ್ ವಿಜಯರಾಘವನ್ ಅವರು ನೊಣ ಬೆಳೆಯುವಾಗ ಅದರ ಸ್ನಾಯು, ನರಗಳು ಹೇಗೆ ರೂಪುಗೊಳ್ಳುತ್ತವೆಂಬುದನ್ನು ಶೋಧಿಸಿದರು. ವೆರೋನಿಕಾ ಅವರೂ ವಾಸನೆಯ ನರಗಳು ಮಿದುಳಿನಲ್ಲಿ ತಮ್ಮ ತಮ್ಮ ಮನೆಯನ್ನು ಹೇಗೆ ಸೇರುತ್ತವೆಂಬ ವಿಷಯದಲ್ಲಿ ಮುಂದುವರಿದು, 2010ರಲ್ಲಿ ತೀರಿಕೊಂಡರು.

ಮುಂಬಯಿ ಬರಿದಾಯಿತೆಂದು ತಿಳಿಯಬೇಕಾಗಿಲ್ಲ. ಈ ನಗರದಲ್ಲೇ ಹುಟ್ಟಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ ಶುಭಾ ತೊಳೆ ಅವರು ಅಮೇರಿಕೆಯಲ್ಲಿ ಅಭ್ಯಾಸ ಮುಗಿಸಿ 1999ರಲ್ಲಿ ಕೊಲಾಬಾದ ಸಂಸ್ಥೆಯನ್ನು ಸೇರಿದರು. ಬಸಿರಿನಲ್ಲಿರುವ ಇಲಿಮರಿಯ ಮಿದುಳು ಬೆಳೆಯುವಾಗ ಯಾವ ಕೋಶ ಏನಾಗಬೇಕೆಂದು ನಿರ್ಧರಿಸುವ ‘ಎಲ್‌ಎಚ್‌ಎಕ್ಸ್ 2’ ಎಂಬ ಜೀನಿನ ಪಾತ್ರವನ್ನು ಅವರೂ ಸಂಗಡಿಗರೂ 2008ರಲ್ಲಿ ವಿವರಿಸಿದರು. ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಅಪ್ಪಣೆ ಕೊಡುವ ಒಂದು ಅಂಚು ಭ್ರೂಣದ ಮಿದುಳಿನಲ್ಲಿದೆ. ಈ ಜೀನು ಇಲ್ಲದ ಕಡೆ ಅಂಥ ಅಂಚು ಬೇರೆಡೆಯೂ ಮೂಡಿ, ನೆರೆಯ ಕೋಶಗಳು ಹಿಪೊಕ್ಯಾಂಪಸ್ ಆಗಿಬಿಡುತ್ತವೆ. ಇದೇ ಜೀನಿನ ಸರಿಜೋಡಿ ನೊಣದಲ್ಲಿ ಕೆಟ್ಟರೆ ಅದಕ್ಕೆ ರೆಕ್ಕೆಯೇ ಇರುವುದಿಲ್ಲ! ಪ್ರಕೃತಿ ಒಂದೇ ಉಳಿಯಿಂದ ಎಷ್ಟು ಬಗೆಯ ಮೂರ್ತಿಗಳನ್ನು ಕಡೆಯುತ್ತದೆ ನೋಡಿರಿ. ಅವರಿಗೆ 2010ರಲ್ಲಿ ಭಟ್ನಾಗರ್ ಪ್ರಶಸ್ತಿಯೂ 2014ರಲ್ಲಿ ಇನ್ಫೋಸಿಸ್ ಬಹುಮಾನವೂ ಬಂದವು.

ಬೆಂಗಳೂರಿನಲ್ಲಿ ಬೆಳೆದ ಕೇಂದ್ರವು ಅದೇ ಊರಿನ ನಿಮ್ಹಾನ್ಸ್ ಸಂಸ್ಥೆಯೊಡನೆ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ತೀವ್ರ ಮನೋರೋಗ ಬಂದ ಕುಟುಂಬಗಳನ್ನು ಅಭ್ಯಸಿಸುವ ಕಾರ್ಯವನ್ನು ಕೈಗೊಂಡಿತು. ರೋಗಿಯ ರಕ್ತದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ನರಕೋಶಗಳಾಗಿ ಬೆಳೆಸಿ, ಅವು ಬೆಳೆಯುವ ಬಗೆಯಲ್ಲಿ ಏನು ವ್ಯತ್ಯಾಸವೆಂದು ನೋಡುವ ಕೆಲಸವದು. ನಳಿಗೆಯಲ್ಲಿ ಉರುಳಿದ ನೊಣದಿಂದ ಹೊರಟ ದಾರಿ, ನಾವು ಬಾಗಿಲು ಹಾಕಿಕೊಂಡ ಒಳಕೋಣೆಯವರೆಗೆ ಬಂದು ತಲುಪಿತು.

ಪ್ರೊಫೆಸರ್ ಸಿದ್ದಿಕಿಯವರಿಗೆ 2006ರಲ್ಲಿ ಪದ್ಮವಿಭೂಷಣ ಸಂದಿತು. ಎಂಬತ್ತು ದಾಟಿದರೂ ಅವರು ಸಂಶೋಧನೆಯನ್ನು ಬಿಡಲಿಲ್ಲ. 2013ರ ಜುಲೈಯಲ್ಲಿ ಬೆಂಗಳೂರಿನ ರಸ್ತೆಯೊಂದರಲ್ಲಿ ಅಪಘಾತಕ್ಕೊಳಗಾಗಿ, ಅದೇ ತಿಂಗಳ 26ರಂದು ನಿಧನರಾದರು. ಹುಟ್ಟಿನಿಂದ ಅವರು ಕನ್ನಡಿಗರಲ್ಲ. ನಾವು ಕನ್ನಡಿಗರು ಹೊಟ್ಟೆಪಾಡಿಗೆ ಮುಂಬಯಿಗೆ ಬಂದು ಈ ನಗರವನ್ನು ನಮ್ಮದಾಗಿಸಿಕೊಂಡೆವು. ಅವರು ಮುಂಬಯಿಯಿಂದ ಹೊರಟು ಕನ್ನಡ ನೆಲವನ್ನು ತಮ್ಮದಾಗಿಸಿಕೊಂಡರು. ನಾಡಿನ ಋಣ ತೀರಿಸುವ ದಾರಿ ಹುಟ್ಟಿದವರಿಗೆ ಮಾತ್ರ ತೆರೆದದ್ದಲ್ಲ.

ನಮ್ಮ ಸಂಘದ ತರುಣರಲ್ಲಿ ಎರಡು ಮಾತು ಅರಿಕೆ ಮಾಡಿ ವಿರಮಿಸುತ್ತೇವೆ. ಮೊದಲನೆಯದು, ಈ ವಿದ್ಯೆಯನ್ನು ಓದುತ್ತಿರುವ ನಮ್ಮ ಮಕ್ಕಳು ಮುಂದಿನ ಸಂಚಿಕೆಗಳಲ್ಲಿ ಇದನ್ನು ಕನ್ನಡದಲ್ಲಿ ಬರೆಯಲಿ. ಅಜ್ಜಿಗೆ ಅರ್ಥವಾಗುವಂತೆ ಬರೆಯಲಿ. ಎರಡನೆಯದು, ನೆರೆಮನೆಯ ಮಗುವಿಗೆ ಮೂರ್ಛೆ ಬಂದಿತೆಂದು ಕೇಳಿದರೆ, ಆ ತಾಯಿಯೊಡನೆ ವೈದ್ಯರ ಬಳಿಗೆ ನಡೆಯಲಿ. ಜ್ಞಾನ ಮನೆಮನೆಗೆ ಮುಟ್ಟಿದರೆ ಮಾತ್ರ ರಾಜ್ಯೋತ್ಸವಕ್ಕೆ ಅರ್ಥ.